ಟ್ರಂಕಿನ ಫೋಟೋ, ಅತ್ತಿಯ ಹಾಡು: 12 ನಿಮಿಷದ ಸ್ಲೈಡ್‌ಶೋ ಕಟ್ಟಿದ ಬಗೆ

ಅಪ್ಪ-ಅವ್ವನ ಮದುವೆಯಾಗಿ 50 ವರ್ಷ ತುಂಬೋದಕ್ಕೆ ಇನ್ನು ಒಂದೂವರೆ ತಿಂಗಳು ಇತ್ತು. ದೊಡ್ಡ ಸಮಾರಂಭ ಬೇಡ ಅಂತ ಅಪ್ಪ ಮೊದಲೇ ಹೇಳಿದ್ದರು. ಮನೆಮಂದಿ, ಬೀಗರು, ಹಳೆ ಓಣಿಯವರು ಕೂಡಿ ಶೇಂಗಾ ಹೋಳಿಗೆ ಊಟ ಮಾಡೋದು, ಅಷ್ಟೇ. ಊಟ ಆದ ಮೇಲೆ ಟಿವಿಯಲ್ಲಿ ಹಳೆ ಫೋಟೋಗಳನ್ನು ಹಾಡಿನ ಜೊತೆ ತೋರಿಸೋಣ ಅಂದೆ. ತಂಗಿ ಕೂಡಲೇ ಒಪ್ಪಿದಳು. ಕೆಲಸ ನನ್ನ ಪಾಲಿಗೆ ಬಂತು.

ಯಾವ ತಂತ್ರಾಂಶ ಆರಿಸಿಕೊಂಡೆ, ಯಾಕೆ, ಎಲ್ಲಿ ತಪ್ಪಿದೆ, ಏನು ಸೆಟ್ಟಿಂಗ್ ಇಟ್ಟೆ ಅನ್ನೋದನ್ನೆಲ್ಲ ಆಗಾಗ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಟ್ರಂಕು

ನಮ್ಮ ಹಳೆ ಮನೆ ಇದ್ದ ಓಣಿ ಈಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ಹೊಳೆಗುಂಟ ಹಿಂದಕ್ಕೆ ಏರಿ ಬಂತು. ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಯಿತು. ನಾವು ಮುಳುಗಡೆಯಾದವರಿಗೆ ಅಂತ ಕಟ್ಟಿದ ನವನಗರಕ್ಕೆ ಬಂದೆವು. ಸಾಮಾನು ಸಾಗಿಸುವಾಗ ಅವ್ವ ಒಂದು ತಗಡಿನ ಟ್ರಂಕನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಟೆಂಪೋದ ಮುಂದಿನ ಸೀಟಿನಲ್ಲಿ ಕೂತು, ಅದನ್ನು ಕಾಲ ಹತ್ತಿರ ಇಟ್ಟುಕೊಂಡು ಬಂದಳು. ಫೋಟೋ ಎಲ್ಲ ಅದರೊಳಗಿದ್ದವು.

ಟ್ರಂಕು ತೆರೆದಾಗ 140ರ ಹತ್ತಿರ ಫೋಟೋ ಸಿಕ್ಕವು. 1975ರ ಮದುವೆಯ ಕಪ್ಪು-ಬಿಳುಪು ಫೋಟೋಗಳು. ಬನಶಂಕರಿ ಜಾತ್ರೆ. ಕೂಡಲಸಂಗಮಕ್ಕೆ ಹೋದದ್ದು. ಹೋಳಿ ಹುಣ್ಣಿಮೆ ಆದ ಮೇಲೆ ಬಣ್ಣದ ಬ್ಯಾರೆಲ್ ಹೇರಿಕೊಂಡು ಓಣಿಯಲ್ಲಿ ಬರುವ ಬಂಡಿ, ಪಕ್ಕದಲ್ಲಿ ಹಲಗಿ ಬಾರಿಸುತ್ತಿರುವ ಕಾಕಾ. ಹಳೆ ಮನೆಯ ಫೋಟೋ ಮಾತ್ರ ಎರಡೇ ಎರಡು. ಮನೆಯ ಫೋಟೋ ಅಂತ ಯಾರು ತೆಗೆಸುತ್ತಾರೆ ಅಲ್ವಾ? ಯಾರದೋ ಕುಬಸದ ಕಾರ್ಯ, ಹಿಂದೆ ಕಟ್ಟೆ, ಬಾಗಿಲು, ಗೋಡೆಗೆ ಒರಗಿಸಿದ ಸೈಕಲ್. ಹಾಗೆ ಸಿಕ್ಕಿದ್ದು ಅವು.

ಕೆಲವು ಫೋಟೋ ಅಂಟು ಹಾಳೆಯ ಆಲ್ಬಂನಲ್ಲಿ ಕಚ್ಚಿಕೊಂಡಿದ್ದವು. ಎಳೆದರೆ ಹರಿಯುತ್ತವೆ. ಹೊಲಿಗೆಯ ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಫೋಟೋದ ಕೆಳಗೆ ಒಂದು ಮೂಲೆಯಿಂದ ಗರಗಸದ ಹಾಗೆ ಮೆಲ್ಲಗೆ ಸರಿಸುತ್ತಾ ಹೋದೆ. ಹತ್ತರಲ್ಲಿ ಒಂಬತ್ತು ಹೀಗೆ ಬಿಟ್ಟುಕೊಂಡವು. ಬಿಡದ ಒಂದನ್ನು ಹಾಳೆಯ ಸಮೇತ ಸ್ಕ್ಯಾನ್ ಮಾಡಿದೆ.

ಝೆರಾಕ್ಸ್ ಅಂಗಡಿಯ ಗೆಳೆಯ ಎರಡು ದಿನಕ್ಕೆ ಸ್ಕ್ಯಾನರ್ ಕೊಟ್ಟ. ಎಲ್ಲವನ್ನೂ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ ಹಿಡಿದೆ. ಟಿವಿಯ ಪರದೆ 1920×1080 ಚುಕ್ಕಿ. 4×6 ಇಂಚಿನ ಫೋಟೋ 600 ಡಿಪಿಐನಲ್ಲಿ 2400×3600 ಆಗುತ್ತದೆ. ಅಂದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಸ್ವಲ್ಪ ಕತ್ತರಿಸಿದರೂ, ಹತ್ತಿರ ತಂದರೂ ಮಸುಕಾಗೋದಿಲ್ಲ. ಪಾಸ್‌ಪೋರ್ಟ್ ಅಳತೆಯವು ತೀರಾ ಸಣ್ಣವು. ಅವುಗಳಿಗೆ 1200 ಇಟ್ಟೆ.

ಊರಿಂದೂರಿಗೆ ಹಂಚಿಹೋದ ಬಳಗದವರು ತಮ್ಮ ಹತ್ತಿರ ಇದ್ದದ್ದನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. "ಡಾಕ್ಯುಮೆಂಟ್ ಅಂತ ಕಳಸ್ರಿ" ಎಂದು ಎಲ್ಲರಿಗೂ ಒಂದು ಧ್ವನಿ ಸಂದೇಶ ಹಾಕಿದೆ. ಹಾಗೆ ಕಳಿಸಿದರೆ ಮೂಲ ಫೈಲೇ ಬರುತ್ತದೆ.

ಕಡೆಗೆ 96 ಫೋಟೋ ಆರಿಸಿದೆವು. ಏಳು ಭಾಗ ಮಾಡಿದೆ: ಮದುವೆ, ಹಳೆ ಮನೆ, ಮಕ್ಕಳು, ಜಾತ್ರೆ-ಹಬ್ಬ, ಅಪ್ಪನ ಅಂಗಡಿ, ನವನಗರ, ಮೊಮ್ಮಕ್ಕಳು. ಫೈಲಿನ ಹೆಸರನ್ನು 3-010, 3-020, 3-030 ಹೀಗೆ ಹತ್ತು ಹತ್ತರ ಅಂತರದಲ್ಲಿ ಇಟ್ಟೆ. ಮೊದಲಿನ ಅಂಕಿ ಭಾಗ, ಆಮೇಲಿನದು ಸಾಲು. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಇರೋದು ಸ್ಕ್ಯಾನ್ ಮಾಡಿದ ದಿನದ ತಾರೀಖು. 1975ರದ್ದೂ 1995ರದ್ದೂ ಒಂದೇ ದಿನದ್ದಾಗಿ ಕಾಣುತ್ತವೆ. ಅದಕ್ಕೆ ತಾರೀಖಿನ ಪ್ರಕಾರ ಜೋಡಿಸು ಅಂದರೆ ಎಲ್ಲ ಕಲಸುಮೇಲೋಗರ. ಹೆಸರಿನ ಪ್ರಕಾರ ಜೋಡಿಸಿದರೆ ಯಾವ ತಂತ್ರಾಂಶದಲ್ಲೂ ಸಾಲು ತಪ್ಪೋದಿಲ್ಲ.

ತಂತ್ರಾಂಶ ಹುಡುಕಿದ್ದು

ನನ್ನ ಲ್ಯಾಪ್‌ಟಾಪ್ ಹಳೆಯದು. ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಬ್ಯಾಟರಿ ಅರ್ಧ ಗಂಟೆ ತಡೆದರೆ ಹೆಚ್ಚು. ಹೊಸದು ಕೊಳ್ಳುವ ಮಾತೇ ಇರಲಿಲ್ಲ.

ಮೊದಲು ನೆನಪಾದದ್ದು ವಿಂಡೋಸ್ ಮೂವಿ ಮೇಕರ್. ಕಾಲೇಜಿನಲ್ಲಿದ್ದಾಗ ಎಲ್ಲರೂ ಅದರಲ್ಲೇ ಮಾಡುತ್ತಿದ್ದೆವು. ಫೋಟೋ ಎಳೆದು ಹಾಕಿ, ಹಾಡು ಎಳೆದು ಹಾಕಿ, ಉಳಿಸು ಅಂದರೆ ಮುಗಿಯಿತು. ಮೈಕ್ರೋಸಾಫ್ಟ್ ಅದಕ್ಕೆ 2017ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಈಗ ಅದೇ ಹೆಸರು ಹಾಕಿಕೊಂಡು ಬೇರೆ ಯಾರೋ ಇಟ್ಟಿರುವ ಫೈಲುಗಳು ಸಿಗುತ್ತವೆ. ಅವನ್ನು ಇಳಿಸಿಕೊಳ್ಳಬೇಡಿ, ದಯವಿಟ್ಟು. ಗೂಗಲ್‌ನ ಪಿಕಾಸಾ ಕೂಡ ಫೋಟೋಗಳಿಂದ ಚಿಕ್ಕ ಸಿನಿಮಾ ಮಾಡಿಕೊಡುತ್ತಿತ್ತು. ಅದೂ 2016ರಲ್ಲಿ ನಿಂತಿತು.

ಆಮೇಲೆ "ಉಚಿತ" ಅಂತ ದೊಡ್ಡದಾಗಿ ಬರೆದಿದ್ದ ಒಂದು ಸ್ಲೈಡ್‌ಶೋ ತಂತ್ರಾಂಶ ಹಾಕಿಕೊಂಡೆ. ಹೃದಯ ಹಾರುತ್ತದೆ, ಗುಲಾಬಿ ಉದುರುತ್ತದೆ, ಪುಟ ಮಗುಚುತ್ತದೆ. ಮೂರು ಗಂಟೆ ಕೂತು ಮದುವೆಯ ಭಾಗ ಮುಗಿಸಿದೆ. ವಿಡಿಯೋ ತೆಗೆದು ನೋಡಿದರೆ ಅವ್ವನ ಮುಖದ ಮೇಲೆ ಅಡ್ಡಲಾಗಿ ಆ ತಂತ್ರಾಂಶದ ಹೆಸರಿನ ಮುದ್ರೆ. ಅದು ಹೋಗಬೇಕಂದರೆ ದುಡ್ಡು ಕಟ್ಟಬೇಕು. ದುಡ್ಡು ಕೇಳೋದು ತಪ್ಪಲ್ಲ, ಮೊದಲೇ ಹೇಳಬೇಕಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ: ಯಾವುದೇ ಹೊಸ ತಂತ್ರಾಂಶ ಇರಲಿ, ಮೂರೇ ಮೂರು ಫೋಟೋ, ಅರ್ಧ ನಿಮಿಷದ ಹಾಡು ಹಾಕಿ ಕೊನೆಯವರೆಗೆ ಹೋಗಿ ವಿಡಿಯೋ ತೆಗೆಯೋದು. ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ನೋಡೋದು. ಅದು ಸರಿಯಾದರೆ ಮಾತ್ರ ಮುಂದಿನ ಕೆಲಸ.

ಈ ಪರೀಕ್ಷೆಗೆ ಒಂದೊಂದನ್ನೇ ಹಚ್ಚಿದೆ.

ಕ್ಲಿಪ್‌ಚಾಂಪ್ ಅನ್ನೋದನ್ನು ಮೈಕ್ರೋಸಾಫ್ಟ್ 2021ರಲ್ಲಿ ಕೊಂಡಿತು. ವಿಂಡೋಸ್ 11ರಲ್ಲಿ ಅದು ಜೊತೆಗೇ ಬರುತ್ತದೆ. ಉಚಿತದಲ್ಲೇ 1080ಪಿ (1920×1080 ಚುಕ್ಕಿಯ) ವಿಡಿಯೋ ಸಿಗುತ್ತದೆ, ಮುದ್ರೆ ಇರೋದಿಲ್ಲ. ಹೊಸ ಕಂಪ್ಯೂಟರ್ ಇದ್ದವರು ಮೊದಲು ಇದನ್ನೇ ನೋಡಬಹುದು. ಖಾತೆ ತೆರೆದು ಒಳಗೆ ಹೋಗಬೇಕು, ಇಂಟರ್ನೆಟ್ ಬೇಕು. 4 ಜಿಬಿಯ ನನ್ನ ಲ್ಯಾಪ್‌ಟಾಪ್‌ಗೆ ಅದು ಹೊರೆಯಾಯಿತು. ಕೊರತೆ ನನ್ನ ಕಂಪ್ಯೂಟರಿನದು.

ಪವರ್‌ಪಾಯಿಂಟ್ ಇದ್ದವರಿಗೆ ಬೇರೆ ಏನೂ ಬೇಕಿಲ್ಲ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಇನ್ಸರ್ಟ್‌ನಲ್ಲಿ ಫೋಟೋ ಆಲ್ಬಂ ಇದೆ. ನೂರು ಫೋಟೋ ಒಂದೇ ಸಲ ಆರಿಸಿದರೆ ಪ್ರತಿಯೊಂದಕ್ಕೂ ಒಂದು ಸ್ಲೈಡ್ ಮಾಡಿಕೊಡುತ್ತದೆ. ಟ್ರಾನ್ಸಿಶನ್ಸ್‌ನಲ್ಲಿ ಎಷ್ಟು ಸೆಕೆಂಡ್ ಅಂತ ಹಾಕಿ, ಹಾಡಿಗೆ "ಪ್ಲೇ ಅಕ್ರಾಸ್ ಸ್ಲೈಡ್ಸ್" ಒತ್ತಿ, ಎಕ್ಸ್‌ಪೋರ್ಟ್‌ನಲ್ಲಿ ಕ್ರಿಯೇಟ್ ವಿಡಿಯೋ ಅಂದರೆ ಎಂಪಿ4 ಬರುತ್ತದೆ. ನನ್ನ ಅಕ್ಕ ಶಾಲೆಯ ಟೀಚರ್. ಅವಳಿಗೆ ನಾನು ಹೇಳಿಕೊಟ್ಟಿದ್ದು ಇದನ್ನೇ. ಹಾಡನ್ನು ನಡುವೆ ತುಂಡರಿಸಿ, ಒಂದು ಕಡೆ ಏರಿಸಿ ಇನ್ನೊಂದು ಕಡೆ ಇಳಿಸಬೇಕಾದರೆ ಮಾತ್ರ ಅಲ್ಲಿ ಕಷ್ಟ.

ಡಾವಿಂಚಿ ರಿಸಾಲ್ವ್ ದೊಡ್ಡ ಸಿನಿಮಾದವರ ಸಾಮಾನು. ಉಚಿತ ಆವೃತ್ತಿ ಇದ್ದರೂ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ಅದನ್ನು ಇಳಿಸಲೂ ಇಲ್ಲ.

ಉಳಿದದ್ದು ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್. ಮೂರೂ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು), ಮೂರೂ ಪೂರ್ತಿ ಉಚಿತ, ಮುದ್ರೆ ಇಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಓಪನ್‌ಶಾಟ್ ಕಲಿಯೋದು ತುಂಬಾ ಸುಲಭ. ನಾನು ಶಾಟ್‌ಕಟ್ ಹಿಡಿದದ್ದಕ್ಕೆ ಎರಡು ಕಾರಣ. ಒಂದು, ಅದರಲ್ಲಿ ಸ್ಲೈಡ್‌ಶೋಗೆ ಅಂತಲೇ ಒಂದು ಕಿಟಕಿ ಇದೆ. ಇನ್ನೊಂದು, ಕೆಲಸ ಮಾಡುವಾಗ ಮುನ್ನೋಟವನ್ನು 360ಪಿಗೆ ಇಳಿಸಬಹುದು. ಕೊನೆಗೆ ಬರುವ ವಿಡಿಯೋದ ಗುಣಮಟ್ಟ ಕಡಿಮೆಯಾಗೋದಿಲ್ಲ, ಲ್ಯಾಪ್‌ಟಾಪ್ ಮಾತ್ರ ಹಗುರಾಗುತ್ತದೆ. ಇದರ ಜೊತೆ ಇರ್ಫಾನ್‌ವ್ಯೂ ಎಂಬ ಫೋಟೋ ತಂತ್ರಾಂಶದಲ್ಲಿ ಎಲ್ಲ ಫೋಟೋಗಳ ಉದ್ದದ ಬದಿಯನ್ನು 2400 ಚುಕ್ಕಿಗೆ ಒಂದೇ ಸಲ ಇಳಿಸಿದೆ. ಮೂಲ ಸ್ಕ್ಯಾನ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಹಾಗೇ ಇಟ್ಟೆ.

ಮೊದಲ ಪ್ರದರ್ಶನ, ಅವ್ವನ ಮುಂದೆ

ಶಾಟ್‌ಕಟ್‌ನಲ್ಲಿ ಫೋಟೋಗಳನ್ನು ಪ್ಲೇಲಿಸ್ಟ್‌ಗೆ ಎಳೆದು ಹಾಕಬೇಕು. ಎಲ್ಲವನ್ನೂ ಆರಿಸಿ, ಪ್ಲೇಲಿಸ್ಟ್ ಮೆನುವಿನಲ್ಲಿ "ಆಡ್ ಸೆಲೆಕ್ಟೆಡ್ ಟು ಸ್ಲೈಡ್‌ಶೋ" ಒತ್ತಿದರೆ ಆ ಕಿಟಕಿ ತೆರೆಯುತ್ತದೆ. ಒಂದು ಫೋಟೋ ಎಷ್ಟು ಸೆಕೆಂಡು, ಒಂದರಿಂದ ಇನ್ನೊಂದಕ್ಕೆ ಕರಗಲು ಎಷ್ಟು ಸೆಕೆಂಡು, ಎಷ್ಟು ಝೂಮ್, ಪರದೆಗೆ ಹೇಗೆ ಹೊಂದಿಸಬೇಕು ಎಂದು ಕೇಳುತ್ತದೆ.

ನಾನು 4 ಸೆಕೆಂಡು, ಕರಗಲು 1 ಸೆಕೆಂಡು ಅಂತ ಹಾಕಿದೆ. ಕರಗುವ ಹೊತ್ತಿನಲ್ಲಿ ಎರಡು ಫೋಟೋ ಒಂದರ ಮೇಲೊಂದು ಬರುತ್ತವೆ, ಅದಕ್ಕೆ ಅದನ್ನು ಕಳೆಯಬೇಕು. 96 ಫೋಟೋಗೆ 96×3, ಕೊನೆಯದಕ್ಕೆ 1 ಕೂಡಿಸಿದರೆ 289 ಸೆಕೆಂಡು. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಒಂದು ಸಿನಿಮಾ ಹಾಡಿಗೆ ಸರಿಹೊಂದಿತು. ನನಗೆ ತುಂಬಾ ಚೆನ್ನಾಗಿ ಕಂಡಿತು.

ತೋರಿಸಬಾರದು ಅಂದುಕೊಂಡಿದ್ದರೂ ತಡೆಯಲಾಗದೆ ಅವ್ವನನ್ನು ಕೂರಿಸಿ ಹಚ್ಚಿದೆ. ಮೂರನೇ ಫೋಟೋಗೇ ಅವಳು ಕೈ ಎತ್ತಿದಳು.

"ಏ, ನಿಲ್ಲಸೋ. ಆ ಹಿಂದ ನಿಂತಾಕಿ ಯಾರು ನೋಡೂಣು."

ನಿಲ್ಲಿಸಿದೆ. ಅದು ಬೀಗರೆಲ್ಲ ನಿಂತ ಮದುವೆಯ ಫೋಟೋ. ಅವ್ವ ಟಿವಿಯ ಹತ್ತಿರ ಹೋಗಿ ಒಬ್ಬೊಬ್ಬರನ್ನೇ ಬೆರಳಿಟ್ಟು ಹೆಸರು ಹೇಳಿದಳು. ಹದಿನಾಲ್ಕು ಮಂದಿ. ನನಗೆ ಅದರಲ್ಲಿ ಆರು ಜನರ ಗುರುತೂ ಇರಲಿಲ್ಲ. ಮತ್ತೆ ಹಚ್ಚಿದೆ. ಮತ್ತೆ ನಿಲ್ಲಿಸೆಂದಳು. ಹಾಡು ತುಂಡು ತುಂಡಾಯಿತು. ಹಳೆ ಮನೆಯ ಫೋಟೋ ಬಂದಾಗ ಅಪ್ಪನೂ ಪೇಪರ್ ಕೆಳಗಿಟ್ಟು ನೋಡಿದರು. "ಇಷ್ಟ್ ಗಡಬಡಿ ಯಾಕ? ಕಟ್ಟಿ ಕಾಣೂದರೊಳಗ ಹೋತು" ಅಂದರು.

ನಾನು ಐದು ನಿಮಿಷದ ಹಾಡಿಗೆ ಫೋಟೋ ಹೊಂದಿಸಿದ್ದೆ. ಅವರಿಬ್ಬರಿಗೆ ಬೇಕಿದ್ದದ್ದು ಫೋಟೋ ನೋಡೋಕೆ ಹೊತ್ತು. ಆ ರಾತ್ರಿ ಇಡೀ ಟೈಮ್‌ಲೈನ್ (ಫೋಟೋ, ಹಾಡು ಸಾಲಾಗಿ ಜೋಡಿಸುವ ಪಟ್ಟಿ) ಅಳಿಸಿದೆ. ಸಿನಿಮಾ ಹಾಡನ್ನೂ ತೆಗೆದೆ.

ಎರಡನೇ ಸಲ

ಒಬ್ಬರು, ಇಬ್ಬರು ಇರುವ ಫೋಟೋಗೆ 7 ಸೆಕೆಂಡು ಸಾಕು. ಗುಂಪಿನ ಫೋಟೋಗೆ 12. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಅವ್ವ ನೋಡುವಾಗ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತೆ.

ಆದರೆ ಸ್ಲೈಡ್‌ಶೋದ ಆ ಕಿಟಕಿ, ಆರಿಸಿದ ಎಲ್ಲ ಫೋಟೋಗಳಿಗೂ ಒಂದೇ ಅವಧಿ ಹಾಕುತ್ತದೆ. ಆಮೇಲೆ ನಡುವಿನದೊಂದನ್ನು ಉದ್ದ ಮಾಡಲು ಹೋದರೆ ಅಕ್ಕಪಕ್ಕದ ಕರಗುವಿಕೆ ಕೆಡುತ್ತದೆ. ಎರಡು ಸಂಜೆ ಇದರಲ್ಲೇ ಹೋಯಿತು. ಕಡೆಗೆ ದಾರಿ ಸಿಕ್ಕಿದ್ದು ಹೀಗೆ. ಪ್ರತಿ ಭಾಗದಲ್ಲೂ ಮೊದಲು ಬಿಡಿ ಫೋಟೋಗಳು, ಕೊನೆಗೆ ಗುಂಪಿನವು. ಬಿಡಿ ಫೋಟೋಗಳನ್ನು ಒಟ್ಟಿಗೆ ಆರಿಸಿ ಸ್ಲೈಡ್‌ಶೋ ಮಾಡೋದು. ಗುಂಪಿನದನ್ನು ಒಂದೊಂದಾಗಿ ತೆರೆದು, ಪ್ರಾಪರ್ಟೀಸ್‌ನಲ್ಲಿ ಡ್ಯುರೇಶನ್ 12 ಸೆಕೆಂಡ್ ಮಾಡಿ, ಟೈಮ್‌ಲೈನಿನ ತುದಿಗೆ ಸೇರಿಸೋದು. ಅವು ಕರಗಿ ಬರೋದಿಲ್ಲ, ನೇರ ಬರುತ್ತವೆ. ಟಿವಿಯಲ್ಲಿ ನೋಡಿದಾಗ ಅದೇ ಚೆನ್ನಾಗಿತ್ತು. ಒಬ್ಬೊಬ್ಬರೇ ಬಂದು ಹೋಗುತ್ತಾರೆ, ಆಮೇಲೆ ಎಲ್ಲರೂ ಕೂಡಿ ನಿಲ್ಲುತ್ತಾರೆ.

ಲೆಕ್ಕ: ಗುಂಪಿನವು 18, ತಲಾ 12ರಂತೆ 216 ಸೆಕೆಂಡು. ಬಿಡಿಯವು 78, ಕರಗುವ 1 ಸೆಕೆಂಡು ಕಳೆದು ತಲಾ 6ರಂತೆ 468, ಏಳು ಭಾಗಕ್ಕೆ ಏಳು ಕೂಡಿಸಿ 475. ಭಾಗದ ಹೆಸರಿನ ಏಳು ಫಲಕ, ತಲಾ 4ರಂತೆ 28. ಒಟ್ಟು 719 ಸೆಕೆಂಡು, 12 ನಿಮಿಷಕ್ಕೆ ಒಂದೇ ಸೆಕೆಂಡು ಕಡಿಮೆ.

ಪರದೆಗೆ ಹೊಂದಿಸುವ ವಿಷಯಕ್ಕೆ ಬರುತ್ತೇನೆ, ಇಲ್ಲಿ ಜನ ತುಂಬಾ ತಪ್ಪು ಮಾಡುತ್ತಾರೆ. ಟಿವಿ 16:9. ಹಳೆ ಫೋಟೋಗಳು 3:2 ಅಥವಾ 4:3. ಪರದೆ ತುಂಬ ಕಾಣಲಿ ಅಂತ "ಕ್ರಾಪ್" ಆರಿಸಿದರೆ 4:3ರ ಫೋಟೋದಲ್ಲಿ ಎತ್ತರದ ಕಾಲು ಭಾಗ ಹೋಗುತ್ತದೆ. 3:2ರದ್ದರಲ್ಲಿ ನೂರಕ್ಕೆ 15ರ ಮೇಲೆ. ನಿಂತ ಫೋಟೋ ಆದರೆ ಅರ್ಧಕ್ಕಿಂತ ಜಾಸ್ತಿ. ಹಾಗೆ ಹೋಗೋದು ಯಾವಾಗಲೂ ಹಿಂದಿನ ಸಾಲಿನವರ ತಲೆ, ಮುಂದೆ ಕೂತ ಮಕ್ಕಳು. ನಾನು "ಪ್ಯಾಡ್ ಬ್ಲ್ಯಾಕ್" ಇಟ್ಟೆ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಫೋಟೋ ಪೂರ್ತಿ ಇರುತ್ತದೆ. ಝೂಮ್ ಕೂಡ ಬಿಡಿ ಫೋಟೋಗೆ ಸ್ವಲ್ಪ, ಗುಂಪಿನದಕ್ಕೆ ಸೊನ್ನೆ. ಜನ ಮುಖ ಎಣಿಸುವಾಗ ಫೋಟೋ ಅಲುಗಾಡಬಾರದು.

ಭಾಗದ ಹೆಸರುಗಳನ್ನು ಕನ್ನಡದಲ್ಲೇ ಹಾಕಬೇಕು ಅನ್ನೋದು ನನ್ನ ಹಟ. ಹಳೆ "ನುಡಿ" ತಂತ್ರಾಂಶದಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದದ್ದನ್ನು ಇಲ್ಲಿ ಅಂಟಿಸಿದರೆ ಅಕ್ಷರದ ಜಾಗದಲ್ಲಿ ಏನೇನೋ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನೋಟೋ ಸ್ಯಾನ್ಸ್ ಕನ್ನಡ ಅಥವಾ ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಫಾಂಟ್ ಆರಿಸಬೇಕು. ಯಾವ ತಂತ್ರಾಂಶದಲ್ಲಾದರೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಒಂದು ಉಪಾಯ ಇದೆ. ಲಿಬ್ರೆಆಫೀಸ್ ಡ್ರಾನಲ್ಲಿ ಹೆಸರು ಬರೆದು, ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನೂ ಒಂದು ಫೋಟೋ ಥರ ಸೇರಿಸೋದು. ನಾನು ಏಳೂ ಫಲಕ ಹಾಗೇ ಮಾಡಿದೆ. ಇಳಕಲ್ ಸೀರೆಯ ಸೆರಗಿನ ಒಂದು ಫೋಟೋ ತೆಗೆದು ಹಿನ್ನೆಲೆಗೆ ಇಟ್ಟೆ. ಅವ್ವನ ಸೀರೆಯದೇ.

ಹಾಡು

ಸಿನಿಮಾ ಹಾಡು ಹಾಕಿದಾಗ ಇನ್ನೊಂದು ಗಮನಿಸಿದ್ದೆ. ಪರಿಚಯದ ಹಾಡು ಬಂದರೆ ಮಂದಿ ಹಾಡಿಗೆ ದನಿಗೂಡಿಸುತ್ತಾರೆ, ಫೋಟೋ ಮರೆಯುತ್ತಾರೆ. ಯೂಟ್ಯೂಬ್‌ಗೆ ಹಾಕಿ ದೂರದವರಿಗೆ ಕೊಂಡಿ ಕಳಿಸಬೇಕಂದರೆ ಹಕ್ಕುಸ್ವಾಮ್ಯದ ತಡೆಯೂ ಬರಬಹುದು.

ಅಪ್ಪನ ಅಕ್ಕ, ನಮ್ಮ ಅತ್ತಿ, ಮದುವೆಗಳಲ್ಲಿ ಸೋಬಾನ ಹಾಡುತ್ತಿದ್ದವರು. ಅಪ್ಪ-ಅವ್ವನ ಮದುವೆಯಲ್ಲೂ ಹಾಡಿದ್ದರು. ಹೋಗಿ ಕೇಳಿದೆ.

"ಈಗ ಉಸಿರು ಹಿಡಿಯಂಗಿಲ್ಲೋ ತಮ್ಮಾ."

"ಉಸಿರು ಹತ್ತಿದಲ್ಲಿ ನಿಲ್ಲಸ್ರಿ ಅತ್ತಿ. ನಾ ಆಮ್ಯಾಲ ಜೋಡಸ್ತೀನಿ."

ಒಳಗಿನ ಸಣ್ಣ ಕೋಣೆಯಲ್ಲಿ ಕೂತೆವು. ಖಾಲಿ ಗೋಡೆಗೆ ದನಿ ಬಡಿದು ಗುಂಯ್‌ಗುಡುತ್ತಿತ್ತು. ಮನೆಯಲ್ಲಿದ್ದ ಕೌದಿ ಎಲ್ಲ ತಂದು ಎರಡು ಗೋಡೆಗೆ ಇಳಿಬಿಟ್ಟೆ. ಒಮ್ಮೆಲೇ ದನಿ ತಿಳಿಯಾಯಿತು. ಫ್ಯಾನ್ ಬಂದ್. ಫೋನನ್ನು ಅವರ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟೆ. ನೇರ ಎದುರಿಗೆ ಇಟ್ಟರೆ ಉಸಿರು ಬಡಿಯುತ್ತದೆ. ಹಾಡು ಶುರುವಾಗುವ ಮೊದಲು ಎರಡು-ಮೂರು ಸೆಕೆಂಡು ಎಲ್ಲರೂ ಸುಮ್ಮನೆ ಕೂತೆವು. ಆ ಮೌನ ಬೇಕೇ ಬೇಕು. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆ ಭಾಗವನ್ನು ಆರಿಸಿ, ನಾಯ್ಸ್ ರಿಡಕ್ಷನ್‌ನಲ್ಲಿ ಗದ್ದಲದ ಮಾದರಿ ಹಿಡಿಯಬೇಕು. ಆಮೇಲೆ ಇಡೀ ಹಾಡು ಆರಿಸಿ ಅದೇ ಗದ್ದಲವನ್ನು ಕಳೆಯಬೇಕು. ನಾನು 12 ಡೆಸಿಬೆಲ್ ಇಟ್ಟೆ. 20ಕ್ಕೆ ಏರಿಸಿ ನೋಡಿದಾಗ ಅತ್ತಿಯ ದನಿ ಕೊಡದೊಳಗಿಂದ ಬಂದ ಹಾಗೆ ಆಯಿತು. ವಾಪಸ್ 12ಕ್ಕೇ ಬಂದೆ.

ಅತ್ತಿ ಮೂರು ಹಾಡು ಹಾಡಿದರು. ನಡುವೆ ಗಂಡು-ಹೆಣ್ಣಿನ ಹೆಸರು ಸೇರಿಸುವ ಜಾಗದಲ್ಲಿ ಅಪ್ಪ-ಅವ್ವನ ಹೆಸರು ಸೇರಿಸಿದರು. ಉಸಿರು ಎಳೆದುಕೊಂಡ ಜಾಗಗಳನ್ನು ಕತ್ತರಿಸಿ ಜೋಡಿಸಿದೆ. ಎಲ್ಲವನ್ನೂ ಕತ್ತರಿಸಲಿಲ್ಲ. ಕೆಲವು ಕಡೆ ಆ ಉಸಿರು ಇದ್ದರೇನೇ ಅದು ಅತ್ತಿಯ ಹಾಡು.

ಹೋಳಿಯ ಫೋಟೋಗಳಿಗೆ ಕಾಕಾನ ಮಗ ಹಲಗಿ ಮಜಲು ರೆಕಾರ್ಡ್ ಮಾಡಿ ಕಳಿಸಿದ. ಹಳೆ ಮನೆಯ ಎರಡು ಫೋಟೋಗಳಿಗೆ ಏನೂ ಹಾಕಲಿಲ್ಲ. ಹಾಡನ್ನು ಮೂರು ಸೆಕೆಂಡಿನಲ್ಲಿ ಇಳಿಸಿ, ತಲಾ 12ರಂತೆ ಆ 24 ಸೆಕೆಂಡು ಖಾಲಿ ಬಿಟ್ಟೆ.

ವಿಡಿಯೋ ತೆಗೆದದ್ದು

ಪ್ರಾಜೆಕ್ಟ್ ಮೊದಲೇ 1080ಪಿ, ಸೆಕೆಂಡಿಗೆ 25 ಫ್ರೇಮ್ ಅಂತ ಇಟ್ಟಿದ್ದೆ. ಎಕ್ಸ್‌ಪೋರ್ಟ್‌ನಲ್ಲಿ ಎಚ್.264 ವಿಡಿಯೋ, ಎಎಸಿ ಆಡಿಯೋ, ಎಂಪಿ4. ಹೆಚ್ಚಿನ ಟಿವಿಗಳು ಇದನ್ನು ತಕರಾರಿಲ್ಲದೆ ಓದುತ್ತವೆ. ಎಚ್.265 ಇಟ್ಟರೆ ಫೈಲ್ ಸಣ್ಣದಾಗುತ್ತದೆ, ಆದರೆ ಹಳೆ ಟಿವಿ ಓದದೆ ಹೋಗಬಹುದು. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, 12 ನಿಮಿಷದ ವಿಡಿಯೋ ಅದರ ಹತ್ತಿರಕ್ಕೂ ಬರೋದಿಲ್ಲ.

ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಸಲ ನಡುವೆ ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಅಷ್ಟೂ ಹೋಯಿತು. ಪ್ರಾಜೆಕ್ಟ್ ಫೈಲ್ ಉಳಿಸಿದ್ದರಿಂದ ಕೆಲಸ ಹೋಗಲಿಲ್ಲ. ಎರಡನೇ ಸಲ ಬೆಳಗಿನ ಐದಕ್ಕೆ ಹಚ್ಚಿದೆ. ಪ್ರಾಜೆಕ್ಟ್ ಫೈಲ್, ಫೋಟೋ, ಹಾಡು ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಲಿ. ಪ್ರಾಜೆಕ್ಟ್ ಫೈಲಿನೊಳಗೆ ಫೋಟೋ ಇರೋದಿಲ್ಲ, ಫೋಟೋ ಎಲ್ಲಿದೆ ಅನ್ನೋದು ಮಾತ್ರ ಇರುತ್ತದೆ. ಆ ಫೋಲ್ಡರನ್ನು ಹಾಗೇ ಇನ್ನೊಂದು ಡಿಸ್ಕಿಗೂ ನಕಲು ಮಾಡಿಟ್ಟೆ.

ಕಾರ್ಯಕ್ರಮದ ದಿನ ನಲವತ್ತು ಮಂದಿ ಚಾಪೆ, ಕುರ್ಚಿ, ಮೆಟ್ಟಿಲ ಮೇಲೆ ಕೂತು ನೋಡಿದರು. ಗುಂಪಿನ ಫೋಟೋ ಬಂದಾಗಲೆಲ್ಲ ಹೆಸರು ಕೂಗಿದರು. ಒಬ್ಬರೂ ನಿಲ್ಲಸು ಅನ್ನಲಿಲ್ಲ. ಹಳೆ ಮನೆ ಬಂದಾಗ ದನಿ ನಿಂತಿತು. ಪಕ್ಕದ ಮನೆಯಲ್ಲಿದ್ದ ಅಜ್ಜ ಒಬ್ಬರು, ಆ ಕಟ್ಟೆಯ ಮೇಲೆ ತಾವು ಕೂರುತ್ತಿದ್ದ ಜಾಗ ತೋರಿಸಿದರು. ಅತ್ತಿ ತಮ್ಮ ದನಿ ಕೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಎರಡು ದಿನ ಬಿಟ್ಟು ಮುಧೋಳದಿಂದ ಕಾಕಾ ಫೋನ್ ಮಾಡಿದರು. ಅವರ ಕಪಾಟಿನಲ್ಲಿ ಇನ್ನೊಂದು ಫೋಟೋ ಸಿಕ್ಕಿದೆಯಂತೆ. ಹಳೆ ಮನೆಯ ಹಿತ್ತಲು, ಬಾವಿಯ ಹತ್ತಿರ ಓಣಿಯ ಹೆಣ್ಣುಮಕ್ಕಳೆಲ್ಲ ನಿಂತದ್ದು, ನಡುವೆ ಅವ್ವ. ಡಾಕ್ಯುಮೆಂಟ್ ಅಂತಲೇ ಕಳಿಸಿದರು. ಈಗ ಅದು 2-025. ಅದಕ್ಕೂ 12 ಸೆಕೆಂಡು ಕೊಟ್ಟು ಹಳೆ ಮನೆಯ ಭಾಗದಲ್ಲಿ ಸೇರಿಸಿದ್ದೇನೆ. ನಾಳೆ ಬೆಳಿಗ್ಗೆ ಐದಕ್ಕೆ ಮತ್ತೆ ಎಕ್ಸ್‌ಪೋರ್ಟ್ ಹಚ್ಚಬೇಕು.